ಸೂಜಿ ಕಸಗೋಬ್ಯಾಡ್ರಿ

"ಏನ್ರೀ ಶಾಂತಕ್ಕ, ಬ್ಯಾಸಗಿ ಬಂತು, ಈ ಸಲ ನಿಮ್ಮ ಪಡಸಾಲ್ಯಾಗ ಕೌದಿ ಹಾಸಿದ್ದ ಕಾಣವಲ್ದಲ್ಲ?"

"ಏನ್ ಹಾಸ್ಲಿ ತಂಗಿ, ಕೈ ಹಿಂಗ ನಡಗತಾವ. ದಾರ ಪೋಣಸೂದ್ರಾಗ ಹೊತ್ತು ಮುಣಗತೈತಿ. ಸೊಸಿ ನೋಡಿದ್ರ 'ಸುಮ್ಮ ಕೂಡ್ರಿ ಅತ್ತಿ, ರಗ್ಗು ತಂದ್ರಾತು' ಅಂತಾಳ."

"ಯಾವಾಗ ನಡಗತಾವ? ತೊಡಿ ಮ್ಯಾಲ ಸುಮ್ಮ ಇಟ್ಟಾಗೋ, ಏನರ ಹಿಡದಾಗೋ?"

"ಕಪ್ಪು ಎತ್ತಿದ್ರ ಸಾಕು, ಅರ್ಧ ಚಾ ಬಸ್ಯಾಗ."

"ಪಾರ್ಕಿನ್ಸನ್ ಇದ್ದವ್ರಿಗೆ ಬಹಳ ಮಾಡಿ ಕೈ ಸುಮ್ಮ ಇದ್ದಾಗ ನಡಗತೈತಿ, ಕೆಲಸಕ್ಕ ಹಚ್ಚಿದ್ರ ಕಮ್ಮಿ ಆಗತೈತಿ. ಏನರ ಹಿಡದಾಗ ನಡಗೂದು ಬ್ಯಾರೆ ಜಾತಿ. ಥೈರಾಯ್ಡ್‌ದಿಂದನೂ ಬರತೈತಿ. ಡಾಕ್ಟರ್‌ಗೆ ಒಮ್ಮೆ ತೋರಿಸ್ರಿ, ಗುಳಿಗಿ ಅದಾವು. ಹೊಲಿಯೂ ಮೊದಲು ಆ ಕಡಕ್ ಚಾ ಬಿಡ್ರಿ, ಅದೂ ನಡುಕ ಏರಸ್ತೈತಿ."

"ಚಾ ಬಿಟ್ರ ಕೌದಿ ಆಕೈತೇನ?"

"ನಡುಕ ಅಡ್ಡ ಬರೂದು ಸಣ್ಣ ಸಣ್ಣ ಕೆಲಸಕ್ಕ. ಮುಂಜಾನೆ ಮೊಮ್ಮಗಗ ಹೇಳಿ ಏಳೆಂಟು ಸೂಜಿಗೆ ದಾರ ಪೋಣಿಸಿ ಇಟ್ಕೊಳ್ರಿ. ದಪ್ಪನ್ನ ಸೂಜಿ, ದೊಡ್ಡ ಕಣ್ಣಿಂದು. ಕತ್ತರಿ ಗೊಡವಿ ಬ್ಯಾಡ: ಹಳೆ ಧೋತ್ರದ ಅಂಚಿಗೆ ಒಂದು ಕಚ್ಚು ಕೊಟ್ಟು ಎಳದ್ರ ಹತ್ತಿ ಬಟ್ಟಿ ನೂಲಿನ ಗುಂಟ ನೆಟ್ಟಗ ಹರಿತೈತಿ. ಟಾಚಣಿ ಚುಚ್ಚೂ ಬದ್ಲಿ ಅರಿವಿ ಒಣಹಾಕೂ ಕ್ಲಿಪ್ಪು ಅಂಚಿಗೆ ಹಾಕ್ರಿ. ನಡುವ ಪದರು ಸರೀಬಾರ್ದಂತ ಸೊಸಿ ಕಡೆ ಉದ್ದುದ್ದ ಕಚ್ಚಾ ಹೊಲಿಗಿ ಹಾಕಿಸ್ರಿ, ಆಮ್ಯಾಲ ಬಿಚ್ಚಿದ್ರಾತು."

"ಅಷ್ಟಾದ್ರೂ ಕೈ ಕೇಳಬೇಕಲ್ಲ?"

"ನೆಲದ ಮ್ಯಾಲ ಬಗ್ಗಿ ಹೊಲದ್ರ ಕೈ ಗಾಳ್ಯಾಗ ತೂಗಾಡ್ತೈತಿ. ಟೇಬಲ್ ಮ್ಯಾಲ ಹಾಸ್ರಿ. ಮೊಣಕೈ, ಮುಂಗೈ ಎರಡೂ ಊರ್ರಿ, ಎಡಗೈಲೆ ಬಟ್ಟಿ ಒತ್ತಿ ಹಿಡೀರಿ, ಸೂಜಿ ಅಡ್ಡ ಹಾಕಿ ನಾಕು ಟಾಕಿ ಒಮ್ಮೆಗೇ ತುಂಬಿ ಎಳೀರಿ. ದಣಿವಾದ್ರ ನಡುಕ ಹೆಚ್ಚಾಕೈತಿ, ಒಂದು ಸಾಲು ಮುಗದ್ರ ಎದ್ದು ಬಿಡ್ರಿ."

"ಹೊಲಿಗಿ ಸೊಟ್ಟ ಆದ್ರ ಮಂದಿ ನಗೂದಿಲ್ಲೇನ?"

"ಪಟ್ಟಿ ಇಟ್ಟು ಗೆರಿ ಎಳದು ಹೊಲದ ಕೌದಿ ಯಾವೂರಾಗ ಐತ್ರೀ? ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳು ಅಂಚಿಂದ ಸುರು ಮಾಡಿ ಸುತ್ತುತ್ತ ನಡುವಕ್ಕ ಬರ್ತಾರ. ಅಳತಿ ಇಲ್ಲ, ನಕ್ಷಾ ಇಲ್ಲ, ಮೂಲಿಗೆ ಮಾತ್ರ ಬಟ್ಟಿ ಹೂ ಇಡ್ತಾರ. ಆ ಕೌದಿ ಅಮೆರಿಕದ ಮ್ಯೂಸಿಯಂದಾಗೂ ನೇತುಬಿದ್ದಾವು. ನಿಮ್ಮ ಟಾಕಿ ಅಕ್ಕಿಕಾಳಿನಷ್ಟಿದ್ದದ್ದು ಗೋದಿಕಾಳಿನಷ್ಟಾದ್ರ ಥಂಡಿ ಏನ್ ಒಳಗ ಬರೂದಿಲ್ಲ."

"ಹಂಗಾರ ಇಳಕಲ್ ಸೀರಿ ಗಂಟು ಬಿಚ್ಚಲೇನು?"

"ಬಿಚ್ರಿ. ನಿಮ್ಮ ಸೊಸಿಗೂ, ಮನ್ಯಾಗ ಕೈ ನಡುಗೂ ಹಿರೇರು ಇದ್ದವ್ರಿಗೆಲ್ಲಾರಿಗೂ ನಾ ಹೇಳೂದು ಇಷ್ಟ: ಸೂಜಿ ಕಸಗೋಬ್ಯಾಡ್ರಿ, ದಾರ ಪೋಣಿಸಿ ಕೊಡ್ರಿ."