ಡಿಜಿಟಲ್ ಸಾವಕಾರ್ರು

ಗಂಗಾವತಿಯ ಪೇಟೆಯಲ್ಲಾಗಲಿ ಕುಷ್ಟಗಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಡಿಜಿಟಲ್ ಸಾವಕಾರ್ರನ್ನು ಗುರುತಿಸುವುದು ಕಷ್ಟವಲ್ಲ. ಗೋಡೆಯ ಮೇಲೆ ಲಕ್ಷ್ಮಿಯ ಫೋಟೊ, ಅದರ ಕೆಳಗೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು, ಬೋರ್ಡಿಗೆ ಒರಗಿಸಿಟ್ಟ ಕ್ಯೂಆರ್ ಕೋಡ್. ಮೂಲೆಯ ಕಂಪ್ಯೂಟರಿಗೆ ಆಯುಧಪೂಜೆಗೆ ಹಚ್ಚಿದ ವಿಭೂತಿ ಯುಗಾದಿ ಬಂದರೂ ಮಾಸಿಲ್ಲ. ಅದರೊಳಗೆ ಟ್ಯಾಲಿ ಇದೆ, ತೆರೆಯುವುದು ಮಾತ್ರ ತಿಂಗಳಿಗೊಮ್ಮೆ ಬರುವ ಲೆಕ್ಕದ ಹುಡುಗ. ನಿಜವಾದ ಅಂಗಡಿ ನಡೆಯುವುದು ಗಾದಿಯ ಕೆಳಗಿನ ಉದ್ರಿ ಪುಸ್ತಕದಲ್ಲಿ. ತರಬೇತಿ ಕೊಡಲು ಬಂದ ಅಧಿಕಾರಿಗಳು ಇದನ್ನು ಕಂಡು ‘ಅರಿವಿನ ಕೊರತೆ’ ಎಂದು ಬರೆದುಕೊಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಇದು ಅರಿವು ಹೆಚ್ಚಾದವರ ಲಕ್ಷಣ.

ಸಾವಕಾರ್ರ ಫೋನು ಎಂದೂ ಸುಮ್ಮನಿರುವುದಿಲ್ಲ. ಬೆಳಗಿನ ಚಹಾಕ್ಕೆ ಮುಂಚೆ ವಾಟ್ಸಾಪಿನಲ್ಲಿ ತುಂಗಭದ್ರಾ ಜಲಾಶಯದ ಮಟ್ಟ ನೋಡುತ್ತಾರೆ. ಪೂರ್ಣ ಮಟ್ಟ 1,633 ಅಡಿ. ನೀರು ಅತ್ತ ಏರಿದಷ್ಟೂ ಗಂಗಾವತಿ, ಕಾರಟಗಿಯ ಭತ್ತದವರಿಗೆ ಉದ್ರಿ ಕೊಡುವ ಕೈ ಸಡಿಲವಾಗುತ್ತದೆ. ಕಾಲುವೆ ಕಾಣದ ಯಲಬುರ್ಗಾ, ಕುಷ್ಟಗಿಯ ಎರೆ ಮಸಾರಿಯವರಿಗೆ ಮಳೆಯ ನಕ್ಷೆ ನೋಡಿ ಕೈ ಬಿಗಿಹಿಡಿಯುತ್ತಾರೆ. ಆಮೇಲೆ ಧಾರಣಿ, ಲಾರಿ ಎಲ್ಲಿದೆ ಎಂಬ ಲೊಕೇಶನ್ನು, ಸೋನಾ ಮಸೂರಿ ಅಕ್ಕಿಯ ಫೋಟೊ. 2022ರ ಜುಲೈ 18ರಂದು, 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಿತ್ತು. ಹೆಚ್ಚು ದಿನ ಕಳೆಯಲಿಲ್ಲ, ಪೇಟೆಗೆ 26 ಕೆ.ಜಿ. ಚೀಲ ಬಂತು. ಅಧಿಸೂಚನೆಯನ್ನು ಇಷ್ಟು ಮನಸ್ಸಿಟ್ಟು ಓದುವವರಿಗೆ ಅರಿವು ಇಲ್ಲವೆನ್ನಲು ಧೈರ್ಯ ಬೇಕು! ಅವರು ತಂತ್ರಜ್ಞಾನವನ್ನು ಬೇಡವೆನ್ನುವುದಿಲ್ಲ. ತಮಗೆ ಸುದ್ದಿ ತರುವ ಯಂತ್ರಕ್ಕೆ ಮಣೆ ಹಾಕುತ್ತಾರೆ, ತಮ್ಮ ಸುದ್ದಿಯನ್ನು ಹೊರಗೆ ಒಯ್ಯುವ ಯಂತ್ರಕ್ಕೆ ಬರೀ ವಿಭೂತಿ ಹಚ್ಚುತ್ತಾರೆ. ಹಣ ಬಂತೆಂದು ಕೂಗುವ ಡಬ್ಬಿಯ ಮೇಲೆ ಅವರಿಗೆ ಸಿಟ್ಟಿರುವುದೂ ಇದಕ್ಕೇ. ಹೆಂಡತಿಗೂ ಹೇಳದ ಗಳಿಕೆಯನ್ನು ಅದು ಸಾಲ ಕೇಳಲು ಬಂದು ಕೂತ ಭಾವಮೈದುನನ ಮುಂದೆ ಸಾರುತ್ತದೆ.

ಇದು ತೆರಿಗೆ ತಪ್ಪಿಸುವ ಹಂಚಿಕೆ ಅಲ್ಲವೇ ಎಂದು ಕೇಳಬಹುದು. ಸ್ವಲ್ಪ ಹೌದು. ಆದರೆ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಅದು ಹೋಯಿತು. ಕ್ಯೂಆರ್ ಕೋಡ್‌ಗಳು ಗೋಡೆಯಿಂದ ಇಳಿದವು, ‘ನಗದು ಮಾತ್ರ’ ಎಂಬ ಚೀಟಿಗಳು ಏರಿದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಸರ್ಕಾರ ಹೇಳಿತು ನಿಜ. ಅಷ್ಟರಲ್ಲಿ ‘ನಾ ಹೇಳಿದ್ದಿಲ್ಲೇನ್ರೀ?’ ಎನ್ನುವ ಹಕ್ಕು ಸಾವಕಾರ್ರಿಗೆ ಸಿಕ್ಕಾಗಿತ್ತು. ಇನ್ನೊಂದು ಆಕ್ಷೇಪಕ್ಕೆ ಮಾತ್ರ ಅವರಲ್ಲಿ ಉತ್ತರವಿಲ್ಲ. ಯಾರ ಉದ್ರಿ ಸುಗ್ಗಿಗೆ ತೀರುತ್ತದೆ, ಯಾರದು ಜಾತ್ರೆಗೆ, ಯಾರದು ಎಂದೂ ಇಲ್ಲ ಎಂಬುದೆಲ್ಲ ಆ ಉದ್ರಿ ಪುಸ್ತಕದಲ್ಲಿದೆ. ಬ್ಯಾಂಕಿಗೆ ಅದನ್ನು ಓದಲು ಬರುವುದಿಲ್ಲ. ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ 20 ಲಕ್ಷದವರೆಗೆ ಸಾಲವಿದ್ದರೂ ಮ್ಯಾನೇಜರು ಕೇಳುವುದು ಖಾತೆಯ ವಹಿವಾಟನ್ನೇ. ಅದನ್ನು ತೋರಿಸಲು ಮನಸ್ಸಿಲ್ಲದೆ ಸಾವಕಾರ್ರು ಹೊರಗಡೆ ದುಬಾರಿ ಬಡ್ಡಿಗೆ ಕೈಗಡ ತರುತ್ತಾರೆ. ಉಳಿಸಿದ ತೆರಿಗೆಗಿಂತ ಕಟ್ಟಿದ ಬಡ್ಡಿ ಎಷ್ಟು ಹೆಚ್ಚಾಯಿತು ಎಂಬುದೊಂದನ್ನು ಅವರು ಯಾವ ಪುಸ್ತಕದಲ್ಲೂ ಬರೆದಿಡುವುದಿಲ್ಲ.