ದಾವಣಗೆರೆ–ಹರಿಹರ ಮಾರ್ಗದಲ್ಲಿ ವಿಲೀನ ಮೀಮಾಂಸೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಸುಮಾರು 14 ಕಿಲೋಮೀಟರ್. ದಾವಣಗೆರೆಯಲ್ಲಿ ಹಳೇ ಪಿ.ಬಿ. ರಸ್ತೆ ಹಿಡಿದು, ಬಾತಿ ದಾಟಿ, ಹರಿಹರ ಮುಟ್ಟುವಷ್ಟು. ಇಷ್ಟು ಚಿಕ್ಕ ದಾರಿಗೆ ಒಂದು ಪ್ರಬಂಧವೇ ಎಂದು ಹುಬ್ಬೇರಿಸುವವರು ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಕಪಾಟುಗಳನ್ನು ತೆರೆದು ನೋಡಿದವರಲ್ಲ. ಇಲ್ಲಿ ಎತ್ತಿಕೊಂಡ ಪ್ರಶ್ನೆ ಒಂದೇ: ಈ ದಾರಿಯಲ್ಲಿ ಓಡುವ ಬಸ್ಸನ್ನು ಓಪನ್‌ಟ್ರಿಪ್‌ಪ್ಲಾನರ್ ಎಂಬ ಮುಕ್ತ ತಂತ್ರಾಂಶಕ್ಕೆ ಅರ್ಥ ಮಾಡಿಸಲು ದಾವಣಗೆರೆಯ ಒಬ್ಬ ಎಂಜಿನಿಯರಿಂಗ್ ಹುಡುಗ ಏನೇನು ಮಾಡಬೇಕು, ಯಾರ್‍ಯಾರ ಅಪ್ಪಣೆ ಪಡೆಯಬೇಕು?

ಮೊದಲು ಗುರುಪರಂಪರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್. ಅಲ್ಲಿನ ಬಿಬಿಯಾನಾ ಮೆಕ್‌ಹ್ಯೂ ಮತ್ತು ಗೂಗಲ್‌ನ ಕ್ರಿಸ್ ಹ್ಯಾರೆಲ್ಸನ್ ಸೇರಿ 2005ರಲ್ಲಿ ಬಸ್ಸಿನ ವೇಳಾಪಟ್ಟಿಯನ್ನು ಯಂತ್ರ ಓದುವಂತೆ ಬರೆಯುವ ಒಂದು ಕ್ರಮ ಹುಟ್ಟುಹಾಕಿದರು. ಅದೇ ಜಿಟಿಎಫ್ಎಸ್. ನಿಲ್ದಾಣಗಳಿಗೆ ಒಂದು ಕಡತ, ಮಾರ್ಗಗಳಿಗೆ ಒಂದು, ಟ್ರಿಪ್ಪುಗಳಿಗೆ ಒಂದು, ಯಾವ ನಿಲ್ದಾಣಕ್ಕೆ ಎಷ್ಟೊತ್ತಿಗೆ ಎಂಬುದಕ್ಕೆ ಇನ್ನೊಂದು. ಎಲ್ಲವೂ ಅಲ್ಪವಿರಾಮ ಹಾಕಿದ ಸಾದಾ ಪಠ್ಯ. ಇದು ಸೂತ್ರಗ್ರಂಥ. ಇದಕ್ಕೆ ಭಾಷ್ಯವಾಗಿ ಅದೇ ಟ್ರೈಮೆಟ್ ಆಶ್ರಯದಲ್ಲಿ 2009ರಲ್ಲಿ ಆರಂಭವಾದದ್ದು ಓಪನ್‌ಟ್ರಿಪ್‌ಪ್ಲಾನರ್. ಜಾವಾ ಭಾಷೆಯದು. ಸೂತ್ರಗ್ರಂಥದಿಂದ ಬಸ್ಸನ್ನೂ, 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಯನ್ನೂ ತೆಗೆದುಕೊಂಡು, ಎರಡನ್ನೂ ಹೆಣೆದು, ಇಲ್ಲಿಂದ ಅಲ್ಲಿಗೆ ಹೋಗುವುದು ಹೇಗೆ ಎಂದು ಹೇಳುತ್ತದೆ. 2020ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಹಳೇ ಹುಡುಕಾಟ ವಿಧಾನವನ್ನು ಕಿತ್ತು, ಮೈಕ್ರೋಸಾಫ್ಟ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದ ರ್‍ಯಾಪ್ಟರ್ ವಿಧಾನವನ್ನು ಕೂರಿಸಿದರು. ಈ ವಿಧಾನ ಸುತ್ತು ಸುತ್ತಾಗಿ ನಡೆಯುತ್ತದೆ: ಮೊದಲ ಸುತ್ತಿನಲ್ಲಿ ಒಂದೇ ಬಸ್ಸಿನಲ್ಲಿ ಎಲ್ಲೆಲ್ಲಿ ಮುಟ್ಟಬಹುದು, ಎರಡನೆಯದರಲ್ಲಿ ಎರಡು ಬಸ್ಸಿನಲ್ಲಿ ಎಲ್ಲೆಲ್ಲಿ. ಅಜ್ಜಿಯರು ಮದುವೆಗೆ ಹೊರಡುವಾಗ ಮಾಡುವ ಲೆಕ್ಕವೂ ಇದೇ ಆಗಿದ್ದರೂ ಅವರು ಯಾವ ಪತ್ರಿಕೆಯಲ್ಲೂ ಪ್ರಕಟಿಸದ ಕಾರಣ ಶ್ರೇಯಸ್ಸು ಮೈಕ್ರೋಸಾಫ್ಟಿಗೆ ಸಂದಿದೆ.

ಪ್ರಾಚೀನರು ಯಾವ ಶಾಸ್ತ್ರಕ್ಕೂ ನಾಲ್ಕು ಅನುಬಂಧಗಳನ್ನು ಕೇಳುತ್ತಿದ್ದರು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇಲ್ಲಿ ಅಧಿಕಾರಿಗಳಿಗೆ ಬರವಿಲ್ಲ. ಯುಬಿಡಿಟಿ ಕಾಲೇಜು 1951ರಿಂದ, ಬಾಪೂಜಿ ತಾಂತ್ರಿಕ ಕಾಲೇಜು 1979ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಲೇ ಇವೆ. ವಿಷಯ, ಹರಿಹರ ಬಸ್ಸು. ಸಂಬಂಧ, ಇನ್ನೂ ಕೂಡಿಬಂದಿಲ್ಲ. ಪ್ರಯೋಜನದ ವಿಚಾರದಲ್ಲಿ ಮಾತ್ರ ಮತಭೇದವಿದೆ. ಲೋಕೋಪಕಾರ ಎಂದು ಒಂದು ಪಕ್ಷ. ರೆಸ್ಯೂಮೆಯಲ್ಲಿ ಒಂದು ಸಾಲು ಎಂದು ಇನ್ನೊಂದು ಪಕ್ಷ. ಎರಡನೇ ಪಕ್ಷದ ಅನುಯಾಯಿಗಳು ಹೆಚ್ಚು.

ಇನ್ನು ಕ್ರಿಯಾವಿಧಿ. ಹುಡುಗ ಉತ್ಸಾಹದಲ್ಲಿ ನೇರವಾಗಿ ಕೋಡ್ ಬರೆದು ಕಳಿಸಕೂಡದು. ಮೊದಲು ಸಮಸ್ಯೆ ಏನೆಂದು ಬರೆದು ಒಂದು ‘ಇಶ್ಯೂ’ ತೆರೆಯಬೇಕು. ಸಂಕಲ್ಪವಿಲ್ಲದೆ ಪೂಜೆ ಇಲ್ಲ. ಆಮೇಲೆ ಇಡೀ ಭಾಷ್ಯದ ಒಂದು ಪ್ರತಿಯನ್ನು ತನ್ನ ಖಾತೆಗೆ ಎಳೆದುಕೊಂಡು, ಅದರಲ್ಲಿ ಒಂದು ಶಾಖೆ ಒಡೆದು, ತಿದ್ದಿ, ಪರೀಕ್ಷೆ ಬರೆದು, ‘ಡೆವ್-2.ಎಕ್ಸ್’ ಎಂಬ ಶಾಖೆಗೆ ಸೇರಿಸಿಕೊಳ್ಳಿ ಎಂದು ಪುಲ್ ರಿಕ್ವೆಸ್ಟ್ ಹಾಕಬೇಕು. ‘ಮಾಸ್ಟರ್’ ಎಂಬ ಹೆಸರು ಕಂಡು ಅದಕ್ಕೇ ಕಳಿಸುವವರು ಉಂಟು. ಅದು ಬಿಡುಗಡೆಯಾದ ಆವೃತ್ತಿಗಳ ಗರ್ಭಗುಡಿ. ಭಕ್ತರಿಗೆ ಪ್ರವೇಶ ನವರಂಗದವರೆಗೆ. ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು, ಆವರಣ ಎಲ್ಲಿ ಮುಚ್ಚಬೇಕು ಎಂಬ ವಾದಕ್ಕೆ ಆಸ್ಪದವೇ ಇಲ್ಲ, ‘ಪ್ರೆಟಿಯರ್’ ಎಂಬ ಸಾಧನ ಹೇಳಿದ್ದೇ ಅಂತಿಮ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇತ್ ಯಂತ್ರಗಳನ್ನು ನಾಡಿಗೆಲ್ಲ ಕಳಿಸಿದ ಹರಿಹರದವರಿಗೆ ಈ ಕೂದಲೆಳೆಯ ಶಿಸ್ತನ್ನು ಯಾರೂ ಕಲಿಸಬೇಕಾಗಿಲ್ಲ.

ಶಾಸ್ತ್ರದ ತಿರುಳು ಮುಂದಿನ ವಿಧಿಯಲ್ಲಿದೆ. ತಿದ್ದುಪಡಿಯನ್ನು ಇಬ್ಬರು ಪರಿಶೀಲಿಸಿ ಒಪ್ಪಬೇಕು, ಆ ಇಬ್ಬರೂ ಬೇರೆ ಬೇರೆ ಸಂಸ್ಥೆಯವರಾಗಿರಬೇಕು. ಒಂದೇ ಕಚೇರಿಯ ಗೆಳೆಯರಿಬ್ಬರು ಕಾಫಿ ಕುಡಿಯುತ್ತ ಒಪ್ಪಿಗೆ ಒತ್ತಿದರೆ ಸಲ್ಲದು. ಇದನ್ನು ಪಾಶ್ಚಾತ್ಯರ ಹೊಸ ಆವಿಷ್ಕಾರ ಎಂದು ನಂಬಿದವರು ಹರಿಹರದಲ್ಲಿ ಬಸ್ಸಿಳಿದು ಹರಿಹರೇಶ್ವರನ ಗುಡಿಗೆ ನಡೆಯಬೇಕು. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತು. ಒಬ್ಬೊಬ್ಬರೇ ಕಳಿಸಿದ ತಿದ್ದುಪಡಿ ವ್ಯವಸ್ಥೆಗೆ ಒಪ್ಪಿಗೆಯಾಗಲಿಲ್ಲ ಎಂದು ಇಂದಿನ ಪರಿಭಾಷೆಯಲ್ಲಿ ಹೇಳಬಹುದು. ಆಗ ಇಬ್ಬರೂ ಒಂದೇ ದೇಹದಲ್ಲಿ ಅರ್ಧರ್ಧ ಕೂಡಿ ಬಂದು ಕೆಲಸ ಮುಗಿಸಿದರು ಎನ್ನುತ್ತದೆ ಸ್ಥಳಪುರಾಣ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಈ ಗುಡಿಯ ಮೂರ್ತಿ ಒಂದು ಪಕ್ಕ ಶಿವ, ಇನ್ನೊಂದು ಪಕ್ಕ ವಿಷ್ಣು. ಬೇರೆ ಬೇರೆ ಸಂಸ್ಥೆಯ ಇಬ್ಬರು ಒಪ್ಪಿದ, ಸಂಘರ್ಷವಿಲ್ಲದೆ ನಡೆದ ವಿಲೀನ. ಎಂಟುನೂರು ವರ್ಷಗಳಲ್ಲಿ ಯಾರೂ ಅದನ್ನು ‘ರಿವರ್ಟ್’ ಮಾಡಿಲ್ಲ. ಇಂಥ ಶಾಖೆ, ವಿಲೀನಗಳ ಲೆಕ್ಕವಿಡುವ ಗಿಟ್ ತಂತ್ರಾಂಶವನ್ನು ಲೈನಸ್ ಟೊರ್ವಾಲ್ಡ್ಸ್ ಬರೆದದ್ದು 2005ರಲ್ಲಿ ಎಂಬುದನ್ನು ವಿದ್ವಾಂಸರು ಈ ಬೆಳಕಿನಲ್ಲಿ ನೋಡಬೇಕು.

ವಿದೇಶಿ ಪ್ರಭಾವವನ್ನು ಪೂರ್ತಿ ಅಲ್ಲಗಳೆಯಲೂ ಆಗದು. ಎರಡನೇ ಆವೃತ್ತಿಗೆ ದೊಡ್ಡ ಹೆಗಲು ಕೊಟ್ಟದ್ದು ನಾರ್ವೆ ದೇಶದ ಎಂಟೂರ್ ಸಂಸ್ಥೆ. ನಾರ್ವೆಗೂ ದಾವಣಗೆರೆಗೂ ಏನು ಸಂಬಂಧ ಎಂದರೆ, ಒಂದು ಗೂಢ ಸಂಬಂಧವಿದೆ. ದಾವಣಗೆರೆ ಇರುವುದು ಉತ್ತರ ಅಕ್ಷಾಂಶ 14.46, ಪೂರ್ವ ರೇಖಾಂಶ 75.92ರ ಸುಮಾರಿಗೆ. ಗಣಿತದ ಸಂಪ್ರದಾಯದಲ್ಲಿ ಅಡ್ಡಲೆಕ್ಕ ಮೊದಲು, ಭೂಗೋಳದ ಸಂಪ್ರದಾಯದಲ್ಲಿ ಅಕ್ಷಾಂಶ ಮೊದಲು. ನಕ್ಷೆಯ ಕೋಡ್ ಬರೆಯುವವರಲ್ಲಿ ಈ ಎರಡನ್ನು ಒಮ್ಮೆಯೂ ಅದಲುಬದಲು ಮಾಡದವರು ಇನ್ನೂ ಹುಟ್ಟಬೇಕು. ಅದಲುಬದಲಾದರೆ ದಾವಣಗೆರೆ ಉತ್ತರ ಅಕ್ಷಾಂಶ 75.92, ಪೂರ್ವ ರೇಖಾಂಶ 14.46ಕ್ಕೆ ಹೋಗಿ ಕೂರುತ್ತದೆ. ಅದು ಆರ್ಕ್‌ಟಿಕ್ ಸಮುದ್ರ, ಸ್ಪಿಟ್ಸ್‌ಬರ್ಗನ್ ದ್ವೀಪದ ದಕ್ಷಿಣ ತುದಿಯಿಂದ ಸ್ವಲ್ಪ ಕೆಳಗೆ. 1920ರ ಒಪ್ಪಂದದ ಪ್ರಕಾರ ಆ ದ್ವೀಪಸಮೂಹದ ಒಡೆತನ ನಾರ್ವೆಯದು. ಮಂಡಕ್ಕಿ ಭಟ್ಟಿಗಳ ಸಮೇತ ಊರಿಗೆ ಊರೇ ಹಿಮಕರಡಿಗಳ ನೆರೆಗೆ ಹೋದದ್ದನ್ನು ಪರೀಕ್ಷಾ ಕೋಡ್ ಹಿಡಿಯದಿದ್ದರೆ ನಾರ್ವೆಯ ಪರಿಶೀಲಕರಾದರೂ ಹಿಡಿಯಬೇಕು, ಅವರ ಮನೆಯಂಗಳದ ವಿಷಯ ತಾನೇ. ಹರಿಹರದ ಗತಿಯೂ ಅದೇ. ಊರುಗಳ ನಡುವಿನ ಅಂತರ ಮಾತ್ರ ಬದಲಾಗಿರುತ್ತದೆ, ಏಕೆಂದರೆ ಧ್ರುವದ ಕಡೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ. ಟಿಕೆಟ್ ದರ ಪರಿಷ್ಕರಿಸಬೇಕಾದೀತು.

ಈಗ ಮನಃಶಾಸ್ತ್ರ. ಪ್ರಯಾಣಿಕನ ಸೋಮಾರಿತನಕ್ಕೆ ಈ ತಂತ್ರಾಂಶ ಒಂದು ಅಂಕಿ ಕೊಟ್ಟಿದೆ. ಅದರ ಹೆಸರು ನಡಿಗೆಯ ಅನಿಚ್ಛೆ. ಯಾರೂ ಬದಲಿಸದಿದ್ದರೆ ಅದರ ಬೆಲೆ 2. ಒಂದು ನಿಮಿಷ ನಡೆಯುವ ಸಂಕಟ ಎರಡು ನಿಮಿಷ ಬಸ್ಸಿನಲ್ಲಿ ಕೂರುವುದಕ್ಕೆ ಸಮ ಎಂದು ಅರ್ಥ. ನಡಿಗೆಯ ವೇಗ ಸೆಕೆಂಡಿಗೆ 1.33 ಮೀಟರ್. ಈ ಲೆಕ್ಕದಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ನಡೆದರೆ ಸುಮಾರು 2 ಗಂಟೆ 55 ನಿಮಿಷ, ಸಂಕಟದ ಲೆಕ್ಕದಲ್ಲಿ 5 ಗಂಟೆ 50 ನಿಮಿಷ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ಪಿ.ಬಿ. ರಸ್ತೆಯಲ್ಲಿ ನಿಂತು ನೋಡಿದ ಯಾರೂ ಈ 2ನ್ನು ಒಪ್ಪಲಾರರು. ಆದರೆ ಮೂಲ ಅಂಕಿಯನ್ನೇ ತಿದ್ದಿ ಕಳಿಸಿದರೆ ಅದು ಓಸ್ಲೋದವರಿಗೂ ಅನ್ವಯವಾಗುತ್ತದೆ. ಪಾಪ, ಅವರು ಬಿಸಿಲು ಕಂಡರೆ ನಡೆಯಲೆಂದೇ ಹೊರಬೀಳುವ ಜನ. ಅದಕ್ಕೇ ಇಂಥದ್ದನ್ನು ಕೋಡಿನಲ್ಲಿ ತಿದ್ದದೆ ಅವರವರ ಊರಿನ ಸಂರಚನಾ ಕಡತದಲ್ಲಿ ಬರೆದುಕೊಳ್ಳುವುದು ಕ್ರಮ. ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹತ್ತಲು ಬಿಡುವ ಬಿಡುವನ್ನೂ ಅಲ್ಲೇ ಹಾಕಬೇಕು. ಮೂಲದಲ್ಲಿ ಅದು 2 ನಿಮಿಷ. ದಾವಣಗೆರೆಯಲ್ಲಿ ಬಸ್ಸು ಬದಲಿಸುವವರು ನಡುವೆ ಬೆಣ್ಣೆದೋಸೆ ತಿನ್ನುತ್ತಾರೆ ಎಂಬ ಪ್ರಾಥಮಿಕ ಸತ್ಯ ಪೋರ್ಟ್‌ಲ್ಯಾಂಡಿನವರಿಗೆ ಹೊಳೆಯದೆ ಹೋದದ್ದು ಸಹಜ.

ಇಷ್ಟಾದರೂ ಬಸ್ಸು ಇನ್ನೂ ಹೊರಟಿಲ್ಲ. ಹುಡುಗ ಬಸ್ ನಿಲ್ದಾಣಕ್ಕೆ ಹೋಗಿ ಕ್ಷೇತ್ರಕಾರ್ಯ ಮಾಡುತ್ತಾನೆ ಎಂದಿಟ್ಟುಕೊಳ್ಳೋಣ.

“ಅಣ್ಣಾ, ಹರಿಹರಕ್ಕೆ ಎಷ್ಟೊತ್ತಿಗೆ ಬಿಡ್ತೈತೆ?”

“ಈಗ ಬಿಡ್ತೈತೆ, ಹತ್ತಪ್ಪ.”

ಸೂತ್ರಗ್ರಂಥದ ಪ್ರಕಾರ ಸಮಯವೆಂದರೆ ಗಂಟೆ, ನಿಮಿಷ, ಸೆಕೆಂಡು, ನಡುವೆ ಎರಡೆರಡು ಚುಕ್ಕಿ. ಅದರಲ್ಲಿ ಔದಾರ್ಯವೂ ಇದೆ: ರಾತ್ರಿ 11ಕ್ಕೆ ದಾವಣಗೆರೆ ಬಿಟ್ಟ ಬಸ್ಸು ಬೆಳಗಿನ ಜಾವ 4ಕ್ಕೆ ಬೆಂಗಳೂರು ಮುಟ್ಟಿದರೆ ಅದನ್ನು 28:00:00 ಎಂದು ಬರೆಯಬೇಕು, ದಿನ ಮುರಿಯುವಂತಿಲ್ಲ. 28 ಗಂಟೆಯನ್ನು ಅರಗಿಸಿಕೊಂಡ ಗ್ರಂಥಕ್ಕೆ ಕಂಡಕ್ಟರನ ‘ಈಗ’ ಅರಗುವುದಿಲ್ಲ. ಸೀಟು ತುಂಬಿದ ಮೇಲೆ ಹೊರಡುವುದು ಎಂಬ ನಿಯಮಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ. ಇಷ್ಟಿಷ್ಟು ನಿಮಿಷಕ್ಕೊಂದು ಎಂದು ಅಂದಾಜು ಬರೆಯುವ ಒಂದು ಕಡತವಿದೆ. ಸಮಯ ನಿಖರವಲ್ಲ ಎಂದು ತಪ್ಪೊಪ್ಪಿಕೊಳ್ಳಲು ‘ಟೈಮ್‌ಪಾಯಿಂಟ್’ ಎಂಬ ಜಾಗದಲ್ಲಿ 0 ಹಾಕಬಹುದು. ಖಾಸಗಿ ಬಸ್ಸಿನ ಇಡೀ ತತ್ವಜ್ಞಾನ ಆ ಸೊನ್ನೆಯಲ್ಲಿ ಅಡಗಿದೆ.

ಕೈ ತೋರಿಸಿದಲ್ಲಿ ನಿಲ್ಲಿಸುವುದಕ್ಕಾದರೆ ಗ್ರಂಥದಲ್ಲೇ ಆಧಾರವಿದೆ. ದಾರಿಯುದ್ದಕ್ಕೂ ಹತ್ತಿಸಿಕೊಳ್ಳುವ ಬಸ್ಸಿಗೆ ಒಂದು ಪ್ರತ್ಯೇಕ ಕಾಲಮ್ಮು. ಅದರಲ್ಲಿ 0 ಎಂದರೆ ಎಲ್ಲಿ ಬೇಕಾದರೂ, 1 ಎಂದರೆ ನಿಲ್ದಾಣದಲ್ಲಿ ಮಾತ್ರ, 2 ಎಂದರೆ ಕಚೇರಿಗೆ ಫೋನು ಮಾಡಿ, 3 ಎಂದರೆ ಡ್ರೈವರ್ ಹತ್ತಿರ ಮಾತಾಡಿಕೊಳ್ಳಿ. ಈ 3ನ್ನು ಬರೆದ ಮಹನೀಯರು ಒಮ್ಮೆಯಾದರೂ ಬಾತಿ ಕೆರೆಯ ಹತ್ತಿರ ಬಸ್ಸು ಹತ್ತಿರಬೇಕು ಎಂಬುದು ಒಂದು ಊಹೆ, ದಾಖಲೆ ಸಿಕ್ಕಿಲ್ಲ.

ಹರಿಹರದ ಆಚೆ ವಿಷಯ ಜಟಿಲವಾಗುತ್ತದೆ. ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯ ಆಗಿದ್ದ ಕಾಲವೊಂದಿತ್ತು. 1956ರಲ್ಲಿ ಗಡಿ ಅಳಿಸಿತು. ಅಳಿಸಿದ ಗಡಿ 1997ರಲ್ಲಿ ಸಾರಿಗೆ ಸಂಸ್ಥೆ ಒಡೆದಾಗ ಬಸ್ಸಿನ ಬಣ್ಣದಲ್ಲಿ ಮರಳಿತು: ಹರಿಹರ ಕೆಎಸ್‌ಆರ್‌ಟಿಸಿಗೆ, ಸೇತುವೆ ದಾಟಿದರೆ ರಾಣೆಬೆನ್ನೂರು ಹುಬ್ಬಳ್ಳಿ ಕೇಂದ್ರದ ವಾಯವ್ಯ ಸಾರಿಗೆಗೆ. ಹೊಸಪೇಟೆ ಕಡೆ ಹೊರಟರೆ ಕಲ್ಯಾಣ ಕರ್ನಾಟಕ ಸಾರಿಗೆ. ಖಾಸಗಿ ಮಾಲೀಕರು ಇವರೆಲ್ಲರ ನಡುವೆ. ಸೂತ್ರಗ್ರಂಥದ ‘ಏಜೆನ್ಸಿ’ ಕಡತದಲ್ಲಿ ಸಾಮಾನ್ಯ ಪಟ್ಟಣಕ್ಕೆ ಒಂದು ಸಾಲು ಸಾಕು. ಹರಿಹರದ ಸೇತುವೆಯ ಮೇಲೆ ನಿಂತವನಿಗೆ ಒಂದು ಪುಟವೇ ಬೇಕು. ದಾವಣಗೆರೆ ಮತ್ತು ಹರಿಹರಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ ಇದೆ. ಆ ಎರಡು ಹೆಸರುಗಳ ನಡುವಿನ ಅಡ್ಡಗೆರೆಯೇ ಬಸ್ಸಿನ ದಾರಿ.

ಇಲ್ಲಿ ಪ್ರಬಂಧಕಾರರ ಸ್ವಂತ ನಿಲುವು. ಗಂಭೀರವಾದದ್ದು ಇದೊಂದೇ, ಓದುಗರು ಕ್ಷಮಿಸಬೇಕು. ಕೋಡ್ ತಿದ್ದಲು ತುದಿಗಾಲಲ್ಲಿ ನಿಂತ ಹುಡುಗನಿಗೆ ಮೊದಲು ಕೊಡಬೇಕಾದ ಕೆಲಸ ಕೋಡ್ ಅಲ್ಲ. ಜಯದೇವ ವೃತ್ತದಿಂದ ಹಿಡಿದು ಹರಿಹರದವರೆಗೆ ಬಸ್ಸು ನಿಜಕ್ಕೂ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತು ಹಾಕಿ, ಕನ್ನಡದಲ್ಲಿ ಹೆಸರು ಬರೆಯುವುದು. ಅದಕ್ಕೆ ಇಬ್ಬರು ಪರಿಶೀಲಕರೂ ಬೇಡ, ಜಾವಾವೂ ಬೇಡ. ಒಂದು ಫೋನು, ಒಂದು ಭಾನುವಾರ, ಸ್ವಲ್ಪ ಮಂಡಕ್ಕಿ ಮಿರ್ಚಿ. ಕೊಚ್ಚಿ ಮೆಟ್ರೊ 2018ರಲ್ಲಿ ತನ್ನ ವೇಳಾಪಟ್ಟಿಯನ್ನು ಜಿಟಿಎಫ್ಎಸ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿತು, ಅದೇ ವರ್ಷ ದೆಹಲಿ ಸರ್ಕಾರವೂ ಬಸ್ಸಿನ ದತ್ತಾಂಶಕ್ಕೆ ಬಾಗಿಲು ತೆರೆಯಿತು. ಆಮೇಲೆಯೇ ಅಲ್ಲಿನ ಹುಡುಗರು ಕೋಡ್ ಹಿಡಿದು ಕೂತದ್ದಕ್ಕೆ ಅರ್ಥ ಬಂದದ್ದು. ದಾರಿಯೇ ಬರೆದಿಲ್ಲದ ಕಡೆ ಎಂಥ ರ್‍ಯಾಪ್ಟರ್ ಬಂದರೂ ಎಲ್ಲರಿಗೂ ನಡೆದುಕೊಂಡೇ ಹೋಗಿ ಎಂದು ಹೇಳುತ್ತದೆ, ಅನಿಚ್ಛೆ 2ರ ಲೆಕ್ಕದಲ್ಲಿ.

ಮುಂದಿನ ಸಂಶೋಧಕರಿಗೆ ಎರಡು ಸಮಸ್ಯೆಗಳನ್ನು ಬಿಟ್ಟಿದೆ. ಮೊದಲನೆಯದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಸೊನ್ನೆ ಟಿಕೆಟ್, ಖಾಸಗಿ ಬಸ್ಸಿನಲ್ಲಿ ಇಲ್ಲ. ಹೀಗಾಗಿ ಒಂದೇ ನಿಲ್ದಾಣದಲ್ಲಿ ನಿಂತ ಗಂಡ ಹೆಂಡತಿಗೆ ಅತ್ಯುತ್ತಮ ಮಾರ್ಗ ಬೇರೆ ಬೇರೆ: ಗಂಡ ಮುಂದೆ ನಿಂತ ಖಾಸಗಿ ಬಸ್ಸು ಹತ್ತೋಣ ಎನ್ನುತ್ತಾನೆ, ಹೆಂಡತಿ ಹಿಂದೆ ಬರುವ ಕೆಂಪು ಸರ್ಕಾರಿ ಬಸ್ಸಿಗೆ ಕಾಯೋಣ ಎನ್ನುತ್ತಾಳೆ. ಜಿಟಿಎಫ್ಎಸ್‌ನ ಹಳೇ ದರಪಟ್ಟಿಯಲ್ಲಿ ಪ್ರಯಾಣಿಕರು ಯಾರು ಎಂದು ಕೇಳುವ ಜಾಗವೇ ಇಲ್ಲ, ಎಲ್ಲರಿಗೂ ಒಂದೇ ದರ. ಇದನ್ನು ಬಿಡಿಸಲು ಹೊರಟ ತಂತ್ರಾಂಶ ದಾಂಪತ್ಯದ ಒಳಗೆ ಕೈ ಹಾಕಬೇಕಾಗುತ್ತದೆ, ಅದಕ್ಕೆ ಎರಡು ಸಂಸ್ಥೆಗಳ ಪರಿಶೀಲಕರು ಸಾಲಲಾರರು.

ಎರಡನೆಯದು ಚಿಲ್ಲರೆ. ಕೊಡಬೇಕಾದ ಬಾಕಿಯನ್ನು ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದು, ಸುತ್ತ ಒಂದು ಗೆರೆ ಎಳೆದು ಕೊಡುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಪ್ರಯಾಣಿಕ ಅದನ್ನು ಮರೆಯುತ್ತಾನೆ. ಪ್ರಯಾಣದ ನಿಜವಾದ ವೆಚ್ಚದಲ್ಲಿ ಈ ಮರೆವಿನ ಪಾಲೆಷ್ಟು ಎಂಬುದಕ್ಕೆ ಯಾವ ಕಡತದಲ್ಲೂ ಕಾಲಮ್ಮಿಲ್ಲ. ಆಸಕ್ತರು ಹೊಸ ಶಾಖೆ ಒಡೆದು ಯತ್ನಿಸಬಹುದು. ಆದರೆ ಮೊದಲು ಇಶ್ಯೂ ತೆರೆಯತಕ್ಕದ್ದು.