ಪೆನ್ಸಿಲ್ ಮೇಲೆ ಕೂತವರಿಗೆ ಒಂದು ಬಹಿರಂಗ ಪತ್ರ

ಗೆ,
ಚಿ. ಹುಡುಗ ಮತ್ತು ಚಿ. ಹುಡುಗಿ,
ಪೆನ್ಸಿಲ್ ಮೇಲೆ, ಸರ್ಕಾರಿ ಶಾಲೆಯ ಹೊರಗೋಡೆ.

ವಿಷಯ: ತಾವು ಇನ್ನೂ ಕೆಳಗಿಳಿಯದಿರುವ ಕುರಿತು.
ಉಲ್ಲೇಖ: ಸಂವಿಧಾನದ 45ನೇ ವಿಧಿ ಹಾಗೂ ಆನಂತರ ಬಂದ ಎಲ್ಲ ಸುತ್ತೋಲೆಗಳು.

ಮಕ್ಕಳೇ, ಉಭಯಕುಶಲೋಪರಿ. 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ನಿಮ್ಮಿಬ್ಬರನ್ನು ಲಾಂಛನವಾಗಿ ಗೋಡೆಗೇರಿಸಿದಾಗ ನಿಮಗೆ ಆರು ವರ್ಷವೆಂದು ಹಿಡಿದರೂ ಈಗ ಮೂವತ್ತು ದಾಟಿದೆ. ನಿಮ್ಮ ಓರಗೆಯವರ ಮಕ್ಕಳು ನಿಮ್ಮ ಮುಂದೆಯೇ ಹಳದಿ ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಗುತ್ತಿದ್ದಾರೆ. ನೀವು ಮಾತ್ರ ಕೂತಲ್ಲೇ ಕೂತಿದ್ದೀರಿ.

ನಿಮ್ಮನ್ನು ದೂರುತ್ತಿಲ್ಲ. ಗಡುವು ಮೀರುವುದು ನಿಮ್ಮ ಮನೆತನದ ಪದ್ಧತಿ. ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ, ಅದೂ ಹತ್ತು ವರ್ಷದೊಳಗೆ ಎಂದು ಸಂವಿಧಾನ ಬರೆದವರು ಆಸೆಪಟ್ಟರು. ಅಂದರೆ 1960. ನಿಮ್ಮ ಅಭಿಯಾನ 2003ಕ್ಕೆ ಎಲ್ಲರೂ ಶಾಲೆಯಲ್ಲಿ, 2007ಕ್ಕೆ ಎಲ್ಲರಿಗೂ ಐದು ವರ್ಷದ ಓದು, 2010ಕ್ಕೆ ಎಂಟು ವರ್ಷದ್ದು ಎಂದಿತು. 2010 ಬಂತು, ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆಯೂ ಬಂತು, ಏಪ್ರಿಲ್ 1ರಂದು. ದಿನ ಗೊತ್ತುಮಾಡಿದವರ ಹಾಸ್ಯಪ್ರಜ್ಞೆಗೆ ನನ್ನದೊಂದು ನಮಸ್ಕಾರ. ಕೊಠಡಿ, ಶೌಚಾಲಯ, ಕುಡಿಯುವ ನೀರಿಗೆ ಅದು ಮೂರು ವರ್ಷ ಕೊಟ್ಟಿತು. ಈಗಿನ ರಾಷ್ಟ್ರೀಯ ಶಿಕ್ಷಣ ನೀತಿ 2030 ಎನ್ನುತ್ತಿದೆ. ಹೋಮ್‌ವರ್ಕ್ ಬರೆಯದ ಹುಡುಗ ಕೂಡ "ನಾಳೆ ತರ್ತೀನಿ ಸಾ" ಎಂದು ಇಷ್ಟು ಸಲ ಹೇಳುವ ಧೈರ್ಯ ಮಾಡಲಾರ.

ದುಡ್ಡಿಲ್ಲ ಎನ್ನುವ ಹಾಗೂ ಇಲ್ಲ. 2004ರಲ್ಲಿ ತೆರಿಗೆಯ ಮೇಲೆ ಶೇ 2ರಷ್ಟು ಶಿಕ್ಷಣ ಸೆಸ್ ಬಿತ್ತು. 2007ರಲ್ಲಿ ಅದು 3 ಆಯಿತು. 2018ರಲ್ಲಿ ಆರೋಗ್ಯವನ್ನೂ ಕಟ್ಟಿಕೊಂಡು 4 ಆಯಿತು. ತರಗತಿಯಿಂದ ತರಗತಿಗೆ ತಪ್ಪದೆ ಪಾಸಾದದ್ದು ಸೆಸ್ ಒಂದೇ.

ಸುಳ್ಳು ಹೇಳಬಾರದು, ಕೆಲಸ ಆಗಿಲ್ಲವೆಂದಲ್ಲ. ಮರದಡಿ, ದೇವಸ್ಥಾನದ ಜಗಲಿಯಲ್ಲಿ ನಡೆಯುತ್ತಿದ್ದ ಶಾಲೆಗಳಿಗೆ ಸೂರು ಬಂತು. ಬಿಸಿಯೂಟದ ಘಮಕ್ಕೆ ದನ ಕಾಯುವ ಹುಡುಗರೂ ಬಂದು ಕೂತರು. ದಾಖಲಾತಿ ನೂರರ ಹತ್ತಿರಕ್ಕೆ ಹೋಯಿತು. ಮಕ್ಕಳು ಬಂದರು, ಮೇಷ್ಟ್ರು ಎಲ್ಲಿ ಎಂದು ಕೇಳಿದಾಗ ಮಾತ್ರ ತುಸು ತೊಡಕು.

ಮೇಷ್ಟ್ರು ಶಾಲೆಯಲ್ಲೇ ಇದ್ದಾರೆ. ಸಿಗ್ನಲ್ ಸಿಗುವ ಒಂದೇ ಕಿಟಕಿಯ ಸರಳಿಗೆ ಮೊಬೈಲ್ ಒರಗಿಸಿ ನಿಂತಿದ್ದಾರೆ. "ಅತಿ ತುರ್ತು, ಇಂದು 11 ಗಂಟೆಯೊಳಗೆ" ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ವಾಟ್ಸ್‌ಆಪ್ ಗುಂಪಿಗೆ ಹಾಕಿದ್ದು ಹತ್ತೂ ಮುಕ್ಕಾಲಿಗೆ. ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ಪೋರ್ಟಲ್‌ನಲ್ಲಿರುವ ಹುಡುಗಿಯ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದು 'ಎಚ್' ವ್ಯತ್ಯಾಸ. ಅದು ಸರಿಹೋಗದೆ ಮುಂದಿನ ಪುಟ ತೆರೆಯುವುದಿಲ್ಲ. ಶಾಲೆಯ ಅಂಕಿಅಂಶದ ಯು-ಡೈಸ್ ಬಾಕಿ. ಬಿಸಿಯೂಟದ ಮೊಟ್ಟೆ ಲೆಕ್ಕ ಬಾಕಿ. ಮೊಟ್ಟೆಗೆ ಸರ್ಕಾರ 6 ರೂಪಾಯಿ ಎಂದು ಗೊತ್ತುಮಾಡಿದಾಗ ಕೊಳ್ಳುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು ಎಲ್ಲವೂ ಅದರೊಳಗೇ ಮುಗಿಯಬೇಕಿತ್ತು. ಅಂಗಡಿಯವನು ದರ ಏರಿಸಿದರೆ ಮಿಕ್ಕದ್ದು ಮುಖ್ಯ ಶಿಕ್ಷಕರ ಜೇಬಿನಿಂದ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂಬುದಕ್ಕೆ ಬೇರೆ ಬೇರೆ ಕಾಲಂ ಇದೆ. ಕಾಗುಣಿತ ಬಂದವರೆಷ್ಟು ಎಂಬುದಕ್ಕೂ ಇದೆ. ಅದನ್ನು ಸಂಜೆ ಬಸ್ಸಿಗೆ ಮುಂಚೆ ಎಲ್ಲರಿಗೂ 'ಎ+' ಹಾಕಿ ತುಂಬುವುದು ರೂಢಿ.

ಬೋಧನೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಜನಗಣತಿ, ವಿಕೋಪ ಪರಿಹಾರ, ಚುನಾವಣೆಗೆ ಮಾತ್ರ ವಿನಾಯಿತಿ. ಲೋಕಸಭೆಯಿಂದ ಗ್ರಾಮ ಪಂಚಾಯಿತಿವರೆಗೆ ಒಂದಲ್ಲ ಒಂದು ಚುನಾವಣೆ ನಡೆಯುತ್ತಲೇ ಇರುವ ದೇಶದಲ್ಲಿ ಇದು ವಿನಾಯಿತಿಯೋ, ಪೂರ್ಣಾವಧಿ ನೌಕರಿಯೋ ನೀವೇ ಹೇಳಿ. 2025ರ ದಸರಾದಲ್ಲಿ ಕರ್ನಾಟಕದ ಮೇಷ್ಟ್ರುಗಳು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದರು. ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಜನರ ಶೈಕ್ಷಣಿಕ ಸ್ಥಿತಿ ತಿಳಿಯಬೇಕಿತ್ತು, ಅದಕ್ಕಾಗಿ ಶಾಲೆಗೆ ಬೀಗ.

ಇನ್ನು ಅಸರ್ ವರದಿಯವರು. 2005ರಿಂದ ಹಳ್ಳಿಹಳ್ಳಿಗೆ ಹೋಗಿ ಮಕ್ಕಳ ಕೈಗೆ ಚೀಟಿ ಕೊಟ್ಟು "ಓದು ಮಗಾ" ಎನ್ನುತ್ತಾರೆ. ಐದನೇ ತರಗತಿಯವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಬರೆಯುತ್ತಾರೆ. ನಾವು ಎರಡು ದಿನ ಪತ್ರಿಕೆಯಲ್ಲಿ ಮರುಗಿ ಸುಮ್ಮನಾಗುತ್ತೇವೆ. ಯಾರಿಗೂ ಹೊಸದಲ್ಲ, ಎಲ್ಲರೂ ಪೋರ್ಟಲ್ ತುಂಬುತ್ತಿದ್ದೆವು.

ಕಾಯ್ದೆಯ ಶೇ 25ರ ಸೀಟಿನ ಕಥೆಯನ್ನೂ ಕೇಳಿ. ಸರ್ಕಾರವೇ ಶುಲ್ಕ ಕಟ್ಟಿ ಬಡವರ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿತು. ಆಮೇಲೆ ತನ್ನ ಬೆಂಚುಗಳು ಖಾಲಿಯಾದದ್ದು ಕಂಡು, 2019ರಲ್ಲಿ ಕರ್ನಾಟಕ ನಿಯಮ ಬದಲಿಸಿತು: ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ. ಆ ಹತ್ತಿರದ ಶಾಲೆಗೆ ಮೇಷ್ಟ್ರನ್ನು ಕೊಡುವ ದಾರಿಯೂ ಇತ್ತು. ಕೊಟ್ಟದ್ದು ಹೆಚ್ಚಾಗಿ ಅತಿಥಿ ಶಿಕ್ಷಕರನ್ನು. ಸಂಬಳವೂ ಅತಿಥಿಯಂತೆಯೇ, ಬಂದರೆ ಬಂತು.

2018ರಲ್ಲಿ ನಿಮ್ಮ ಅಭಿಯಾನ 'ಸಮಗ್ರ ಶಿಕ್ಷಣ'ದಲ್ಲಿ ವಿಲೀನವಾಯಿತು. ಮಾಧ್ಯಮಿಕ ಶಿಕ್ಷಣದ ಯೋಜನೆ, ಶಿಕ್ಷಕರ ತರಬೇತಿ ಎಲ್ಲವೂ ಒಂದೇ ಬೋರ್ಡಿನಡಿ ಬಂದವು. ಕೊಠಡಿ ಸೋರುತ್ತಿದ್ದರೂ ಹೆಸರು ಬರೆದ ಗೋಡೆಗೆ ಬಣ್ಣ ಬೇಗ ಬರುತ್ತದೆ. ನಿಮಗೂ ಸುಣ್ಣ ಬಳಿಯಬಹುದು, ಸಿದ್ಧರಾಗಿರಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಒಂದು ವರ್ಷ, ಒಂದೇ ಒಂದು ಶೈಕ್ಷಣಿಕ ವರ್ಷ, ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಬಿಟ್ಟು ಬೇರೇನೂ ಇರದಂತೆ ನೋಡಿಕೊಳ್ಳಲು ಮೇಲಿನವರಿಗೆ ಹೇಳಿ. ಮೊಟ್ಟೆ ಲೆಕ್ಕಕ್ಕೆ ಒಬ್ಬ ಗುಮಾಸ್ತನನ್ನು ಕೊಟ್ಟರೂ ಸಾಕು.

ಇತಿ,
ನಿವೃತ್ತ ಮೇಷ್ಟ್ರು

ತಾ.ಕ.: ಉತ್ತರವನ್ನು ನುಡಿ ತಂತ್ರಾಂಶದಲ್ಲಿ ಟೈಪಿಸಿ, ಸಾಫ್ಟ್ ಕಾಪಿ ಮತ್ತು ಹಾರ್ಡ್ ಕಾಪಿ ಎರಡನ್ನೂ ಕಳಿಸಿ. ಬರೆಸಲು ನಿಮ್ಮ ಶಾಲೆಯ ಮೇಷ್ಟ್ರನ್ನು ಕರೆಯಬೇಡಿ. ಅವರು ಮತದಾರರ ಪಟ್ಟಿಯ ಬಿಎಲ್‌ಒ ಡ್ಯೂಟಿ ಮೇಲಿದ್ದಾರೆ.